ಅನಾಮತ ಹಣ ಯಾರ ಖಾತೆಯದು?

ಜೂನ ತಿಂಗಳು ಬಂತೆಂದರೆ ನಮ್ಮ ಚಪಳಗಾಂವ, ಅಕ್ಕಲಕೋಟ, ಮೈಂದರ್ಗಿ, ದುಧನಿ ಕಡೆಯ ಮನೆಗಳಲ್ಲಿ ಮಳೆಯ ಮಾತಿನ ಜೊತೆಗೆ ಇನ್ನೊಂದು ಮಾತೂ ಸೇರಿಕೊಳ್ಳುತ್ತದೆ. ಹುಡುಗನಿಗೆ ಖೋಲಿ ಸಿಕ್ಕಿತೇ? ಡಿಪಾಜಿಟ್ಟು ಎಷ್ಟು ಕೇಳಿದರು? ಹಿಂದೆ ಮ್ಯಾಟ್ರಿಕ್ ಮುಗಿಸಿದ ಮಕ್ಕಳು ಅಂಗಡಿಯ ಗಲ್ಲೆಯ ಮೇಲೆ ಕೂಡುತ್ತಿದ್ದರು. ಮುಂದೆ ಓದುವವರಿಗೆ ಬೋರ್ಡಿಂಗುಗಳಿದ್ದವು. 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯ ಹಿರಿಯರು ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಬೋರ್ಡಿಂಗ್ ನಡೆಸಿದ್ದರಿಂದ ಎಷ್ಟೋ ತಲೆಮಾರಿನ ಬಡ ಮಕ್ಕಳು ಬಾಡಿಗೆಯ ಚಿಂತೆಯಿಲ್ಲದೆ ಕಲಿತರು. ಈಗ ಕಲಿಯುವವರು ಹೆಚ್ಚು, ಬೋರ್ಡಿಂಗಿನ ಜಾಗ ಕಡಿಮೆ. ಹೀಗಾಗಿ ಪ್ರತಿ ಮನೆಯವರೂ ಪುಣೆಯ, ಸೊಲ್ಲಾಪುರದ ಅಥವಾ ಬೆಂಗಳೂರಿನ ಯಾವುದೋ ಮಾಲೀಕರ ಬಾಗಿಲಿಗೆ ಹೋಗಿ ನಿಲ್ಲಬೇಕಾಗಿದೆ.

ಇನ್ನೊಂದು ಕಡೆಗೆ, ಸೊಲ್ಲಾಪುರದಲ್ಲಿ ಮನೆಯ ಮೇಲೆ ಎರಡು ಖೋಲಿ ಕಟ್ಟಿಸಿ ಬಾಡಿಗೆ ಕೊಟ್ಟವರಲ್ಲಿಯೂ ನಮ್ಮ ಸಮಾಜದವರು ಬಹಳ. ಪೇಟೆಯಲ್ಲಿ ಗಾಳೆ ಬಾಡಿಗೆಗೆ ಹಿಡಿದವರೂ ನಾವೇ, ಗಾಳೆ ಬಾಡಿಗೆಗೆ ಕೊಟ್ಟವರೂ ನಾವೇ. ಆದ್ದರಿಂದ ಈ ವಿಷಯದಲ್ಲಿ ಒಂದೇ ಪಕ್ಷ ಹಿಡಿದು ಬರೆಯುವಂತಿಲ್ಲ. ಕಳೆದ ನಾಲ್ಕೈದು ವರ್ಷಗಳಲ್ಲಿ ಎರಡೂ ಕಡೆಯವರ ತಂಟೆ ಬಿಡಿಸಲು ನನ್ನನ್ನು ಕರೆದಿದ್ದಾರೆ. ಅದರಿಂದ ತಿಳಿದುಬಂದದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಟೋಕನ್ ಎಂಬ ಹೊಸ ಪದ್ಧತಿಯ ಮಾತು. ನಮ್ಮ ಹಿರಿಯರು ಇದಕ್ಕೆ ಇಸಾರ, ಸಂಚಕಾರ ಎನ್ನುತ್ತಿದ್ದರು. ಎತ್ತು ಕೊಳ್ಳುವಾಗಲೂ ಇತ್ತು, ಹೊಲ ಕೊಳ್ಳುವಾಗಲೂ ಇತ್ತು. ಈಗ ಖೋಲಿ ತೋರಿಸುವ ಏಜಂಟನು, ‘ಇನ್ನೂ ಮೂವರು ನೋಡಿ ಹೋಗಿದ್ದಾರೆ, ಈಗಲೇ ಟೋಕನ್ ಹಾಕಿದರೆ ನಿಮಗೆ ಹಿಡಿದಿಡುತ್ತೇನೆ’ ಎನ್ನುತ್ತಾನೆ. ನಮ್ಮ ಕಡೆಯ ಒಬ್ಬ ಕಿರಾಣಿ ವ್ಯಾಪಾರಿಯ ಮಗನಿಗೆ ಪುಣೆಯ ಕಾಲೇಜಿನಲ್ಲಿ ಪ್ರವೇಶ ಸಿಕ್ಕಿತು. ತಂದೆ ಅಲ್ಲಿಯೇ ನಿಂತು ಮೊಬೈಲಿನಿಂದ ₹8,000 ಹಾಕಿದ. ಹುಡುಗನ ಆಧಾರ್ ಕಾರ್ಡು, ಕಾಲೇಜಿನ ಪತ್ರ, ಊರಿನ ವಿಳಾಸ ಎಲ್ಲವನ್ನೂ ಆಮೇಲೆ ಕೇಳಿದರು. ನಾಲ್ಕು ದಿನ ಕಳೆದ ಮೇಲೆ ಮಾಲೀಕರಿಂದ ಉತ್ತರ ಬಂತು: ‘ಒಂಟಿ ಹುಡುಗರು ಬೇಡ, ಕುಟುಂಬಕ್ಕೆ ಮಾತ್ರ ಕೊಡುತ್ತೇವೆ.’ ಟೋಕನ್ ತಿರುಗಿ ಕೇಳಿದರೆ ಏಜಂಟನು, ‘ಅದು ಅರ್ಜಿಯ ಹಣ, ತಿರುಗಿ ಕೊಡುವ ನಿಯಮವಿಲ್ಲ’ ಅಂದ.

ತಂದೆ ನನ್ನ ಹತ್ತಿರ ಬಂದು, ‘ಕಾಕಾ, ಎಂಟು ಸಾವಿರ ಹೋಯ್ತು ಅಂತ ಬಿಟ್ಟುಬಿಡ್ತೀನ್ರಿ, ಹುಡುಗ ಅಲ್ಲೇ ಇರಬೇಕಲ್ಲ, ಅವರ ಕೂಡ ಯಾಕ ವೈರ’ ಎಂದ. ನಾನು ಕೂತಲ್ಲಿಯೇ ಲೆಕ್ಕ ಹಾಕಿದೆ. ಒಂದು ಕಿಲೋ ಸಕ್ಕರೆಗೆ ಒಂದು ರೂಪಾಯಿ ಉಳಿಯುತ್ತದೆ ಎಂದು ಹಿಡಿದರೂ ₹8,000 ಉಳಿಯಬೇಕಾದರೆ ಎಂಬತ್ತು ಕ್ವಿಂಟಲ್ ಸಕ್ಕರೆ ತೂಗಬೇಕು. ಅಂದರೆ ಐವತ್ತು ಕಿಲೋದ 160 ಚೀಲ. ಚಿಕ್ಕ ಊರಿನ ಅಂಗಡಿಯಲ್ಲಿ ಅಷ್ಟು ಚೀಲ ಖಾಲಿಯಾಗಲು ಎಷ್ಟು ಹಬ್ಬ ಬಂದು ಹೋಗಬೇಕೆಂಬುದು ವ್ಯಾಪಾರ ಮಾಡಿದವರಿಗೆ ಗೊತ್ತು.

ಇಬ್ಬರೂ ಪುಣೆಗೆ ಹೋದೆವು. ನಾನು ಕೇಳಿದ್ದು ಒಂದೇ ಮಾತು: ‘ತಿರುಗಿ ಕೊಡುವುದಿಲ್ಲವೆಂದು ಹಣ ತೆಗೆದುಕೊಳ್ಳುವ ಮೊದಲು ಬರೆದುಕೊಟ್ಟಿದ್ದೀರಾ? ತೋರಿಸಿರಿ.’ ಅವನ ಮೊಬೈಲಿನಲ್ಲಿ ‘ಟೋಕನ್ ಸಿಕ್ಕಿತು’ ಎಂಬುದರ ಹೊರತು ಏನೂ ಇರಲಿಲ್ಲ. ಬೇಡವೆಂದವರು ಮಾಲೀಕರು, ನಾವಲ್ಲ. ಕೊಡುವ ವಸ್ತುವನ್ನೇ ಕೊಡದೆ ಬೆಲೆ ಇಟ್ಟುಕೊಳ್ಳುವುದು ಯಾವ ಪೇಟೆಯ ರೂಢಿ? ಬಹಳ ಮಾತಾದ ಮೇಲೆ ₹6,000 ತಿರುಗಿ ಬಂತು. ಎರಡು ಸಾವಿರ ತಿರುಗಾಟದ ಖರ್ಚೆಂದು ಹಿಡಿದುಕೊಂಡ. ತಂದೆ ಅಷ್ಟಕ್ಕೇ ಒಪ್ಪಿದ. ನನಗೆ ಒಪ್ಪಿಗೆಯಿರಲಿಲ್ಲ, ಆದರೆ ಹಣ ಅವನದು.

ಇಂಥ ಮುಂಗಡದ ವಿಷಯದಲ್ಲಿ ಕಾಯ್ದೆ ಏನೆನ್ನುತ್ತದೆ ಎಂದು ಸೊಲ್ಲಾಪುರದ ವಕೀಲರೊಬ್ಬರನ್ನು ಆಮೇಲೆ ಕೇಳಿದೆ. ಅವರು 1872ರ ಕರಾರು ಕಾಯ್ದೆಯ 74ನೆಯ ಕಲಮನ್ನೂ, ಸುಪ್ರೀಂ ಕೋರ್ಟಿನ 2015ರ ಒಂದು ತೀರ್ಪನ್ನೂ ತಿಳಿಸಿ ಹೇಳಿದರು. ಆ ಖಟ್ಲೆ ದೊಡ್ಡ ಹಣದ್ದು. ದಿಲ್ಲಿಯ ಭಿಕಾಜಿ ಕಾಮಾ ಪ್ಲೇಸಿನ ಒಂದು ನಿವೇಶನವನ್ನು ಕೈಲಾಶ ನಾಥ ಅಸೋಸಿಯೇಟ್ಸ್ ಎಂಬ ಸಂಸ್ಥೆ ₹3.12 ಕೋಟಿಗೆ ಹರಾಜಿನಲ್ಲಿ ಹಿಡಿದು, ನಾಲ್ಕನೆಯ ಒಂದು ಭಾಗವಾದ ₹78 ಲಕ್ಷವನ್ನು ದಿಲ್ಲಿ ಅಭಿವೃದ್ಧಿ ಪ್ರಾಧಿಕಾರಕ್ಕೆ ತುಂಬಿತ್ತು. ವ್ಯವಹಾರ ಮುರಿಯಿತು. ಪ್ರಾಧಿಕಾರವು ಮುಂಗಡವನ್ನು ಜಪ್ತಿ ಮಾಡಿಕೊಂಡಿತು. ಅದೇ ನಿವೇಶನವನ್ನು ಮುಂದೆ ₹11.78 ಕೋಟಿಗೆ ಮಾರಿತು. ನಿಮಗೆ ನಷ್ಟವೇ ಆಗಿಲ್ಲವೆಂದ ಮೇಲೆ ಮುಂಗಡವನ್ನು ಹೇಗೆ ಇಟ್ಟುಕೊಳ್ಳುತ್ತೀರಿ ಎಂದು ನ್ಯಾಯಾಲಯ ಕೇಳಿತು, ಹಣ ತಿರುಗಿ ಕೊಡಿಸಿತು. ₹78 ಲಕ್ಷಕ್ಕೆ ಇರುವ ನ್ಯಾಯವೇ ₹8,000ಕ್ಕೂ ಇದೆ. ಇಷ್ಟು ಸಣ್ಣ ಮೊತ್ತಕ್ಕೆ ಕೋರ್ಟಿನ ಮೆಟ್ಟಿಲು ಹತ್ತುವವರಿಲ್ಲವೆಂಬುದೇ ಏಜಂಟರ ಧೈರ್ಯ.

ಹಾಗೆಂದು ನಮ್ಮವರೂ ಒಮ್ಮೊಮ್ಮೆ ಕಡಿಮೆಯಿಲ್ಲ. ಮೂರು ಕಡೆ ಟೋಕನ್ ಹಾಕಿಟ್ಟು, ಕಾಲೇಜಿನ ಹತ್ತಿರ ಇನ್ನೊಂದು ಖೋಲಿ ಸಿಕ್ಕಿತೆಂದು ಇಪ್ಪತ್ತು ದಿನ ಬಿಟ್ಟು ‘ನಮಗೆ ಬೇಡ’ ಎನ್ನುವವರಿದ್ದಾರೆ. ಆ ಇಪ್ಪತ್ತು ದಿನ ಖೋಲಿ ಖಾಲಿ ಬಿದ್ದರೆ ಮಾಲೀಕನಿಗಾದದ್ದು ನಿಜವಾದ ನಷ್ಟ. ಅಷ್ಟು ದಿನದ ಬಾಡಿಗೆ ಮುರಿದುಕೊಂಡು ಉಳಿದದ್ದು ಕೊಟ್ಟರೆ ತಕರಾರು ಮಾಡಬಾರದು.

ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಉದ್ರಿ ಕೊಡುವ ಮೊದಲು ನಾವು ಗಿರಾಕಿಯ ವಿಚಾರಣೆ ಮಾಡುತ್ತೇವೆ, ಕೊಟ್ಟ ಮೇಲೆ ಅಲ್ಲ. ಹಾಗೆಯೇ ಬಾಡಿಗೆದಾರನ ಬಗ್ಗೆ ಏನು ಕೇಳುವುದಿದ್ದರೂ ಹಣ ಕೈಗೆ ಬರುವ ಮೊದಲು ಕೇಳಬೇಕು. ಎಲ್ಲಿ ಕೆಲಸ, ಎಷ್ಟು ಜನ, ಹಿಂದಿನ ಮಾಲೀಕರು ಯಾರು, ಬಾಡಿಗೆ ಯಾವ ತಾರೀಖಿಗೆ ಕೊಡುತ್ತಾರೆ – ಇವೆಲ್ಲ ಮಾಲೀಕನು ಕೇಳಬೇಕಾದವುಗಳೇ. ಹಿಂದಿನ ಮಾಲೀಕರಿಗೆ ಒಂದು ಫೋನು ಮಾಡುವುದು ಹತ್ತು ಕಾಗದಕ್ಕಿಂತ ಹೆಚ್ಚು. ಆಧಾರ್ ಕೊಡುವಾಗ ಮೊದಲ ಎಂಟು ಅಂಕಿ ಮುಚ್ಚಿದ ಪ್ರತಿ ಸಿಗುತ್ತದೆ, ಅದನ್ನು ಕೊಡಬಹುದು. ಅದರ ಮೇಲೆ ‘ಖೋಲಿ ಬಾಡಿಗೆಗಾಗಿ’ ಎಂದು ತಾರೀಖಿನೊಡನೆ ಬರೆದು ಸಹಿ ಮಾಡಿರಿ. ಏಜಂಟನ ಮೊಬೈಲಿನಲ್ಲಿ ನಮ್ಮ ಹೆಣ್ಣುಮಕ್ಕಳ ಕಾಗದಪತ್ರ ಸುಮ್ಮನೆ ಬಿದ್ದಿರುವುದು ನನಗಂತೂ ಸರಿ ಕಾಣುವುದಿಲ್ಲ.

ಪೋಲೀಸರಿಗೆ ಮಾಹಿತಿ ಕೊಡುವ ವಿಷಯದಲ್ಲಿಯೂ ಬಹಳ ಗೊಂದಲವಿದೆ. 2008ರ ಮುಂಬಯಿ ದಾಳಿ, 2010ರ ಫೆಬ್ರುವರಿಯಲ್ಲಿ ಪುಣೆಯ ಜರ್ಮನ್ ಬೇಕರಿಯ ಸ್ಫೋಟ ಇವುಗಳ ತರುವಾಯ ಇದಕ್ಕೆ ಬಿಗಿ ಬಂದಿತು. ಶಹರದ ಪೋಲೀಸ್ ಆಯುಕ್ತರು ಆಗಾಗ ಆದೇಶ ಹೊರಡಿಸುತ್ತಾರೆ. ಅದು ಜಾರಿಯಲ್ಲಿರುವಾಗ ಬಾಡಿಗೆದಾರನ ಮಾಹಿತಿ ಕೊಡದ ಮಾಲೀಕನ ಮೇಲೆ ಖಟ್ಲೆಯಾಗಬಹುದು. ಹಿಂದೆ ಇದು ಪಿನಲ್ ಕೋಡಿನ 188ನೆಯ ಕಲಮಾಗಿತ್ತು, 1 ಜುಲೈ 2024ರಿಂದ ಭಾರತೀಯ ನ್ಯಾಯ ಸಂಹಿತೆಯ 223ನೆಯ ಕಲಮು. ಮಾಹಿತಿ ಕೊಡುವ ಹೊಣೆ ಮಾಲೀಕನದು. ಆದರೆ ‘ಪೋಲೀಸ್ ವೆರಿಫಿಕೇಶನ್’ ಎಂದು ಹುಡುಗರಿಂದ ಸಾವಿರ, ಒಂದೂವರೆ ಸಾವಿರ ಕೀಳುವ ಏಜಂಟರನ್ನು ನೋಡಿದ್ದೇನೆ. ಕೇಳಿದವರಿಗೆ ಪಾವತಿ ಕೇಳಿರಿ, ಮಾತು ಅಲ್ಲಿಗೇ ನಿಲ್ಲುತ್ತದೆ.

ಇನ್ನು ನಮ್ಮ ಸಮಾಜಕ್ಕೆ ಸಂಬಂಧಿಸಿದ ಸೂಕ್ಷ್ಮ ವಿಷಯ. ಮನೆಯಲ್ಲಿ ಮಾಂಸ ಬೇಯಬಾರದೆಂದು ನಮ್ಮ ಮಾಲೀಕರು ಬಯಸುವುದು ಸಹಜ. ಕೆಳಗೆ ಅತ್ತೆಯವರು ಚೌವಿಹಾರ ಮಾಡುವಾಗ ಮೇಲಿನ ಮನೆಯಿಂದ ಬರುವ ವಾಸನೆಯನ್ನು ಸಹಿಸಿರಿ ಎಂದು ನಾನು ಹೇಳಲಾರೆ. ಸಂವಿಧಾನದ 15ನೆಯ ಅನುಚ್ಛೇದವು ಅಂಗಡಿ, ಹೊಟೇಲು, ಬಾವಿ, ಕೆರೆಗಳ ಹೆಸರು ಹೇಳುತ್ತದೆ, ಖಾಸಗಿ ಮನೆಯ ಹೆಸರು ಅಲ್ಲಿಲ್ಲ. 2005ರಲ್ಲಿ ಅಹಮದಾಬಾದಿನ ಪಾರಸಿ ಗೃಹನಿರ್ಮಾಣ ಸಂಘದ ಖಟ್ಲೆಯಲ್ಲಿ, ತಮ್ಮವರಿಗೆ ಮಾತ್ರ ಸದಸ್ಯತ್ವವೆಂಬ ಉಪನಿಯಮವನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆದರೆ ಕಾಯ್ದೆ ತಡೆಯುವುದಿಲ್ಲವೆಂದು ಮಾಡಿದ್ದೆಲ್ಲವೂ ಚೆಂದವೆಂದಾಗುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮುಲುಂಡಿನಲ್ಲಿ ಮರಾಠಿ ಮಹಿಳೆಯೊಬ್ಬರಿಗೆ ಕಚೇರಿಯ ಜಾಗ ಕೊಡಲು ನಿರಾಕರಿಸಿದ ಸುದ್ದಿ ರಾಜ್ಯವನ್ನೆಲ್ಲ ಕಲಕಿತು. ಅಡಿಗೆಮನೆಯ ಶರತ್ತು ಬೇರೆ, ಅಡ್ಡಹೆಸರು ಕೇಳಿ ಬಾಗಿಲು ಹಾಕುವುದು ಬೇರೆ. ‘ಮನೆಯಲ್ಲಿ ಶಾಕಾಹಾರ ಮಾತ್ರ’ ಎಂದು ಮೊದಲೇ ಹೇಳಿದರೆ ಒಪ್ಪುವವನು ಒಪ್ಪುತ್ತಾನೆ, ಒಪ್ಪದವನು ಹೋಗುತ್ತಾನೆ. ನಮ್ಮ ಮಕ್ಕಳಿಗೂ ಇದರ ಕಹಿ ತಟ್ಟುತ್ತದೆ, ಮರೆಯಬಾರದು. ಚಪಳಗಾಂವದ ಹುಡುಗ ಬೆಂಗಳೂರಿಗೆ ಹೋದರೆ ಆಧಾರಿನಲ್ಲಿ ಮಹಾರಾಷ್ಟ್ರ ಎಂದು ನೋಡಿ ‘ಹೊರಗಿನವರು’ ಎನ್ನುತ್ತಾರೆ. ಪುಣೆಗೆ ಹೋದರೆ ಮನೆಮಾತು ಕನ್ನಡವೆಂದು ‘ನೀವು ಕರ್ನಾಟಕದವರೇನು’ ಎಂದು ಕೇಳುತ್ತಾರೆ. ಗಡಿಯಲ್ಲಿ ಹುಟ್ಟಿದ್ದಕ್ಕೆ ಎರಡೂ ಕಡೆ ತೆರಿಗೆ!

ಡಿಪಾಜಿಟ್ಟು ಇಷ್ಟು ದೊಡ್ಡದಾದದ್ದು ಹೇಗೆ ಎಂಬುದಕ್ಕೆ ಹಳೆಯ ಕಥೆಯಿದೆ. 1947ರ ಮುಂಬಯಿ ಬಾಡಿಗೆ ಕಾಯ್ದೆಯು 1940ರ ಸೆಪ್ಟೆಂಬರ 1ರಂದು ಇದ್ದ ಬಾಡಿಗೆಯನ್ನೇ ಪ್ರಮಾಣವೆಂದು ಹಿಡಿದು ನಿಲ್ಲಿಸಿತು. ಯುದ್ಧಕಾಲದ ತುಟ್ಟಿಯಲ್ಲಿ ಬಾಡಿಗೆದಾರನನ್ನು ಕಾಪಾಡುವುದು ಉದ್ದೇಶವಾಗಿತ್ತು. ಆದರೆ ವರ್ಷಗಳು ಉರುಳಿದರೂ ಬಾಡಿಗೆ ಏರಲಿಲ್ಲ. ಮಾಲೀಕರು ಪಗಡಿ ಕೇಳಲಾರಂಭಿಸಿದರು. ಆ ಕಾಯ್ದೆಯ ಪ್ರಕಾರ ಪಗಡಿ ತೆಗೆದುಕೊಳ್ಳುವುದು ಅಪರಾಧ, ಹೀಗಾಗಿ ಪಾವತಿಯೇ ಇಲ್ಲ. ನಮ್ಮ ತಂದೆಯವರು ಸೊಲ್ಲಾಪುರ ಪೇಟೆಯಲ್ಲಿ ಅಂಗಡಿ ಹಿಡಿದಾಗ ಪಗಡಿ ಕೊಟ್ಟಿದ್ದರು. ನಮ್ಮ ಹಳೆಯ ಕೀರ್ದಿಯಲ್ಲಿ ಅದು ‘ಅಂಗಡಿ ಖರ್ಚು’ ಎಂದಿದೆ, ಯಾರ ಹೆಸರೂ ಇಲ್ಲ. ಮಾಲೀಕರು ತೀರಿಕೊಂಡ ಮೇಲೆ ಅವರ ಮಕ್ಕಳು ‘ನಮಗೇನೂ ಗೊತ್ತಿಲ್ಲ’ ಎಂದರು. ತಂದೆಯವರು ಸುಮ್ಮನೆ ಅಂಗಡಿ ಬಿಟ್ಟು ಬಂದರು. ಹೆಸರಿಲ್ಲದ ಹಣಕ್ಕೆ ಸಾಕ್ಷಿ ಎಲ್ಲಿಂದ ತರಬೇಕು?

1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಮಲ್ಪೆ ವಿಶ್ವನಾಥ ಆಚಾರ್ಯ ಅವರ ಖಟ್ಲೆಯಲ್ಲಿ, ಹೀಗೆ ಬಾಡಿಗೆಯನ್ನು ಕಾಲದಲ್ಲಿ ಹೆಪ್ಪುಗಟ್ಟಿಸಿ ಇಡುವುದು ನ್ಯಾಯವಲ್ಲವೆಂದು ಹೇಳಿತು. ಆಮೇಲೆ ಬಂದದ್ದು ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999. ಜಾರಿಯಾದದ್ದು 31 ಮಾರ್ಚ್ 2000ರಂದು. ಹಳೆಯ ಬಾಡಿಗೆಗೆ ವರ್ಷಕ್ಕೆ ನೂರಕ್ಕೆ 4ರಂತೆ ಏರಿಕೆ ಕೊಟ್ಟಿತು, ಪಗಡಿಯನ್ನು ಬಹಿರಂಗವಾಗಿ ಕೊಡಲು ಬಿಡಲು 56ನೆಯ ಕಲಮಿನಲ್ಲಿ ಅವಕಾಶ ಮಾಡಿತು. ಇತ್ತೀಚೆಗೆ ಜನ ಮಾಡಿಕೊಳ್ಳುವುದು ಬಹುತೇಕ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸನ್ಸ್ ಕರಾರು. ಅದರ ಡಿಪಾಜಿಟ್ಟಿಗೆ ಈ ಕಾಯ್ದೆ ಮೇಲ್ಮಿತಿ ಹಾಕಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವ ರೂಢಿ ಪ್ರಸಿದ್ಧವೇ ಆಗಿದೆ. 2021ರ ಜೂನಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ, ಅಂಗಡಿಗೆ ಆರು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಜಿಟ್ಟು ಕೂಡದು ಎನ್ನುತ್ತದೆ. ಹೆಸರೇ ಹೇಳುವಂತೆ ಅದು ಮಾದರಿ; ರಾಜ್ಯವು ತಾನೇ ಕಾಯ್ದೆ ಮಾಡಿದರೆ ಮಾತ್ರ ಬಂಧನ.

ನಮ್ಮ ಮಕ್ಕಳು ಈಗ ಇಂಗ್ಲಂಡಿಗೂ ಓದಲು ಹೋಗುತ್ತಾರಾದ್ದರಿಂದ ಅಲ್ಲಿಯ ರೀತಿಯನ್ನೂ ಹೇಳುತ್ತೇನೆ. ಅಲ್ಲಿ 2007ರಿಂದ ಡಿಪಾಜಿಟ್ಟನ್ನು ಮಾಲೀಕನು ತನ್ನ ಕಿಸೆಯಲ್ಲಿಟ್ಟುಕೊಂಡು ಸುಮ್ಮನಿರುವಂತಿಲ್ಲ, ಸರ್ಕಾರ ಒಪ್ಪಿದ ಯೋಜನೆಯೊಂದರಲ್ಲಿ ಅದಕ್ಕೆ ರಕ್ಷಣೆ ಕೊಡಬೇಕು. 2019ರ ಕಾಯ್ದೆಯಿಂದ ಅರ್ಜಿ ಶುಲ್ಕವೇ ರದ್ದಾಯಿತು. ಟೋಕನ್ ಒಂದು ವಾರದ ಬಾಡಿಗೆಗಿಂತ ಹೆಚ್ಚಾಗಬಾರದು, ಮಾಲೀಕನೇ ಹಿಂದೆ ಸರಿದರೆ ಏಳು ದಿನದಲ್ಲಿ ತಿರುಗಿ ಕೊಡಬೇಕು. ಪುಣೆಯಲ್ಲಿ ನಾವು ಅರ್ಧ ದಿನ ವಾದ ಮಾಡಿದ್ದು ಅಲ್ಲಿ ಒಂದು ಸಾಲಿನ ನಿಯಮ.

ಈಗ ಮಾಲೀಕರ ಕಡೆಯ ಒಂದು ಪ್ರಸಂಗ. ಸೊಲ್ಲಾಪುರದಲ್ಲಿ ನಮ್ಮ ಸಮಾಜದ ಒಬ್ಬ ವಹಿನಿ ಇದ್ದಾರೆ. ಯಜಮಾನರು ತೀರಿಕೊಂಡು ಬಹಳ ವರ್ಷವಾಯಿತು, ಮೇಲಿನ ಎರಡು ಖೋಲಿಯ ₹6,000 ಬಾಡಿಗೆಯೇ ಆಧಾರ. ₹30,000 ಡಿಪಾಜಿಟ್ಟು ಕೊಟ್ಟು ಮೂರು ವರ್ಷ ಇದ್ದ ಒಂದು ಕುಟುಂಬ ಖೋಲಿ ಬಿಟ್ಟಿತು. ಡಿಪಾಜಿಟ್ಟು ಕೇಳಿದರೆ ವಹಿನಿಯವರು, ಸುಣ್ಣಬಣ್ಣಕ್ಕೆ ₹12,000, ಬಾಗಿಲು ಕೆಟ್ಟಿದೆ, ನಲ್ಲಿ ಒಡೆದಿದೆ ಎಂದು ಒಂದೊಂದೇ ಹೇಳುತ್ತ ಹೋದರು. ಬಾಡಿಗೆದಾರರು ಸಿಟ್ಟಿಗೆದ್ದು ಪೋಲೀಸರ ಮಾತೆತ್ತಿದರು. ನನ್ನನ್ನು ಕರೆಸಿದಾಗ ಬಾಗಿಲು ನೋಡಿದೆ, ಗಟ್ಟಿಯಾಗಿಯೇ ಇತ್ತು. ಎಲ್ಲರೂ ಎದ್ದು ಹೋದ ಮೇಲೆ ವಹಿನಿ ಮೆಲ್ಲಗೆ, ‘ಅಣ್ಣಾ, ಆ ರೊಕ್ಕ ಎಲ್ಲಿ ಅದರಿ ನನ್ನ ಕಡೆ, ಮಗಳ ಬಾಣಂತನಕ್ಕ ಹೋಯ್ತು’ ಅಂದರು.

ತಂಟೆಯ ಬೇರು ಇಲ್ಲಿದೆ. ವಹಿನಿ ಕೆಟ್ಟವರಲ್ಲ. ಆದರೆ ಕೈಗೆ ಬಂದ ಡಿಪಾಜಿಟ್ಟನ್ನು ಉತ್ಪನ್ನವೆಂದು ತಿಳಿದರು, ಮತ್ತು ಖರ್ಚಾದ ಹಣಕ್ಕೆ ಆಮೇಲೆ ಕಾರಣ ಹುಡುಕಬೇಕಾಯಿತು. ನಮ್ಮ ಚೋಪಡಿಯ ಪದ್ಧತಿ ನೋಡಿರಿ. ಬಾಡಿಗೆ ಬಂದರೆ ಅದು ಉತ್ಪನ್ನದ ಖಾತೆಗೆ. ಡಿಪಾಜಿಟ್ಟು ಬಂದರೆ ಕೊಟ್ಟವನ ಹೆಸರಿನ ಖಾತೆಗೆ ಜಮಾ. ಅಂದರೆ ಅದು ನಾವು ಅವನಿಗೆ ಕೊಡಬೇಕಾದ ಹಣ, ನಮ್ಮ ತಿಜೋರಿಯಲ್ಲಿದ್ದರೂ ಅವನದೇ. ಜಿಎಸ್‌ಟಿ ಕಾಯ್ದೆಯೂ ಹೀಗೆಯೇ ಹಿಡಿಯುತ್ತದೆ: ಡಿಪಾಜಿಟ್ಟನ್ನು ಬಾಡಿಗೆಗೆ ಮುರಿದುಕೊಳ್ಳುವವರೆಗೆ ಅದು ಪ್ರತಿಫಲವಲ್ಲ, ತೆರಿಗೆಯಿಲ್ಲ. ಆದಾಯ ತೆರಿಗೆಯವರು ₹20,000 ಅಥವಾ ಹೆಚ್ಚಿನ ಠೇವಣಿಯನ್ನು ರೋಖವಾಗಿ ತೆಗೆದುಕೊಳ್ಳಕೂಡದು, ತಿರುಗಿ ಕೊಡಲೂ ಕೂಡದು ಎನ್ನುತ್ತಾರೆ. ಬಾಡಿಗೆಯ ಡಿಪಾಜಿಟ್ಟನ್ನೂ ಇದರಲ್ಲಿಯೇ ಹಿಡಿಯಿರಿ ಎಂಬುದು ನಮ್ಮ ಲೆಕ್ಕ ಪರಿಶೋಧಕರ ಸಲಹೆ.

ವಹಿನಿಯವರ ಲೆಕ್ಕವನ್ನು ಎರಡೂ ಕಡೆಯವರ ಎದುರಿಗೆ ಬರೆದೆವು. ಮೂರು ವರ್ಷ ಬಾಳಿದ ಗೋಡೆ ಮಾಸುವುದು ಸ್ವಾಭಾವಿಕ, ಸುಣ್ಣದ ಖರ್ಚು ಮಾಲೀಕರದು. ಕೊನೆಯ ತಿಂಗಳ ವಿದ್ಯುತ್ ಬಿಲ್ಲು ₹1,140 ಮತ್ತು ಒಡೆದ ಬೇಸಿನ್, ನಲ್ಲಿಯ ₹1,900 ಬಾಡಿಗೆದಾರರದು. ಉಳಿದದ್ದು ₹26,960. ಹೊಸ ಬಾಡಿಗೆದಾರರ ಡಿಪಾಜಿಟ್ಟಿನಿಂದ ಕೊಡುತ್ತೇನೆಂದು ವಹಿನಿ ಅಂದಾಗ ನಾನು ಬೇಡವೆಂದೆ, ಅದು ಮತ್ತೊಬ್ಬರ ಹಣ. ಮೂರು ಕಂತಿನಲ್ಲಿ ಬಾಡಿಗೆಯಿಂದಲೇ ಉಳಿಸಿ, ಅಣ್ಣನ ಮನೆಯಿಂದ ಸ್ವಲ್ಪ ತಂದು ತೀರಿಸಿದರು. ಆ ಮೂರು ತಿಂಗಳು ಅವರ ಮನೆಯ ಅಡಿಗೆ ಹೇಗೆ ನಡೆಯಿತೋ, ನಾನು ಕೇಳಲಿಲ್ಲ.

ಈ ಜಗಳಕ್ಕೆ ಇನ್ನೊಂದು ಕಾರಣ, ಅವರಲ್ಲಿ ನೋಂದಾಯಿಸಿದ ಕರಾರೇ ಇರಲಿಲ್ಲ. ಹನ್ನೊಂದು ತಿಂಗಳಿಗೆ ನೋಂದಣಿ ಬೇಡವೆಂದು ಜನ ತಿಳಿದಿದ್ದಾರೆ. ಮಹಾರಾಷ್ಟ್ರದ ಕಾಯ್ದೆ ಅನ್ವಯಿಸುವ ಸೊಲ್ಲಾಪುರ, ಪುಣೆಯಂಥ ಊರುಗಳಲ್ಲಿ ಇದು ತಪ್ಪು. 55ನೆಯ ಕಲಮಿನಂತೆ ಕರಾರು ಬರವಣಿಗೆಯಲ್ಲಿದ್ದು ನೋಂದಣಿಯಾಗಲೇಬೇಕು, ಹೊಣೆ ಮಾಲೀಕನದು. ತಪ್ಪಿದರೆ ಮೂರು ತಿಂಗಳವರೆಗೆ ಶಿಕ್ಷೆ ಅಥವಾ ₹5,000ವರೆಗೆ ದಂಡ ಅಥವಾ ಎರಡೂ. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ: ನೋಂದಣಿಯಿಲ್ಲದಿದ್ದರೆ ಶರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಜವೆಂದು ಹಿಡಿಯುತ್ತಾರೆ, ಸುಳ್ಳೆಂದು ಸಿದ್ಧಮಾಡುವುದು ಮಾಲೀಕನ ಪಾಲು. ಮುದ್ದತು ಮುಗಿದರೂ ಖೋಲಿ ಬಿಡದವನಿಂದ ದುಪ್ಪಟ್ಟು ಬಾಡಿಗೆ ಕೇಳುವ ಹಕ್ಕು 24ನೆಯ ಕಲಮಿನಲ್ಲಿದೆ, ಆದರೆ ಕೈಯಲ್ಲಿ ಕರಾರಿರಬೇಕು. ಖರ್ಚಾದರೂ ಎಷ್ಟು? ವಹಿನಿಯವರ ಖೋಲಿಗೇ ಲೆಕ್ಕ ಹಾಕಿದೆ. ಹನ್ನೊಂದು ತಿಂಗಳ ಬಾಡಿಗೆ ₹66,000, ಡಿಪಾಜಿಟ್ಟಿನ ಮೇಲೆ ನೂರಕ್ಕೆ ಹತ್ತರಂತೆ ಬಡ್ಡಿ ₹2,750, ಇದರ ಮೇಲೆ ನೂರಕ್ಕೆ 25 ಪೈಸೆ ಸ್ಟಾಂಪು ಅಂದರೆ ಸುಮಾರು ₹172. ನೋಂದಣಿ ಶುಲ್ಕ ಶಹರದಲ್ಲಿ ₹1,000, ಹಳ್ಳಿಯಲ್ಲಿ ₹500. ಅರ್ಧಾರ್ಧ ಹಂಚಿಕೊಂಡರೆ ಯಾರಿಗೂ ಭಾರವಲ್ಲ.

ಕರಾರು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ನಮ್ಮ ಭಾಗದಲ್ಲಿ ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರು ಸಂಕೋಚದಿಂದ ಓದದೆ ಸಹಿ ಮಾಡಿಬಿಡುತ್ತಾರೆ. ಮನೆಯ ಮಗಳನ್ನೋ ಸೊಸೆಯನ್ನೋ ಕೂಡಿಸಿಕೊಂಡು ಕನ್ನಡದಲ್ಲಿ ಅರ್ಥ ಹೇಳಿಸಿಕೊಳ್ಳಿರಿ: ಡಿಪಾಜಿಟ್ಟು ಎಷ್ಟು ದಿನದಲ್ಲಿ ತಿರುಗಿ ಬರುತ್ತದೆ, ಯಾವುದಕ್ಕೆ ಮುರಿಯುತ್ತಾರೆ, ನಡುವೆ ಬಿಟ್ಟರೆ ಎಷ್ಟು ಹೋಗುತ್ತದೆ. ಖೋಲಿಗೆ ಕಾಲಿಡುವ ದಿನವೇ ಫ್ಯಾನು, ನಲ್ಲಿ, ಕಿಟಕಿಗಳ ಯಾದಿ ಮಾಡಿ ಇಬ್ಬರೂ ಸಹಿ ಮಾಡಲಿ, ಮೊಬೈಲಿನಲ್ಲಿ ಫೋಟೋ ಇರಲಿ. ಬಾಡಿಗೆಯ ಪಾವತಿ ಕೊಡುವುದು 31ನೆಯ ಕಲಮಿನಂತೆ ಮಾಲೀಕನಿಗೆ ಕಡ್ಡಾಯ, ಕೇಳಲು ನಾಚಬೇಕಾಗಿಲ್ಲ. ಖೋಲಿ ಬಿಟ್ಟ ಮೇಲೆ ಡಿಪಾಜಿಟ್ಟು ಬರದಿದ್ದರೆ ಬಾಯಿಮಾತಿನಲ್ಲಿ ವರ್ಷಗಟ್ಟಲೆ ತಿರುಗಬೇಡಿರಿ, ಅಂಚೆಯಿಂದ ಬೇಡಿಕೆ ಕಳಿಸಿರಿ. ಹಣದ ದಾವೆಗೆ 1963ರ ಮುದ್ದತು ಕಾಯ್ದೆ ಇಟ್ಟಿರುವುದು ಮೂರೇ ವರ್ಷ.